ಕಿವಿ ಸ್ಪಷ್ಟ, ಕಣ್ಣು ಮಸುಕು

ಎರಡು ವರ್ಷದ ಹಿಂದಿನ ಮಾತು. ಮಡಿಕೇರಿಯಲ್ಲಿ ನಾನು ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟು ಆಗ ಇಪ್ಪತ್ತೊಂದು ವರ್ಷ ತುಂಬಿತ್ತು. ಕೊಡಗಿನಲ್ಲಿ ಈ ಕಸುಬಿಗೆ ಅನ್ನ ಹಾಕುವುದು ಮಳೆಗಾಲ. ಜುಲೈ ಕಳೆಯುವಷ್ಟರಲ್ಲಿ ಲೆನ್ಸಿನೊಳಗೆ ಬೂಷ್ಟು ಕೂರುತ್ತದೆ. ಬಿಚ್ಚಿ, ಒರೆಸಿ, ಜೋಡಿಸಿ ಕೊಡುವುದರಲ್ಲೇ ನನ್ನ ಅರ್ಧ ಆಯಸ್ಸು ಹೋಗಿದೆ. ಲೆನ್ಸಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಜಂಬವೂ ಇತ್ತು. ಅದನ್ನು ಇಳಿಸಿದವರು ಸೋಮವಾರಪೇಟೆಯ ರತ್ನ ಮತ್ತು ಅವರ ಅತ್ತೆ.

ರತ್ನ ಮೊದಲು ಸೀರೆಗೆ ಕುಚ್ಚು ಕಟ್ಟುತ್ತಿದ್ದವರು. ನಲವತ್ತರ ಹತ್ತಿರ ಫೋಟೋಗ್ರಫಿ ಕಲಿತು ನಾಮಕರಣ, ಸೀಮಂತಗಳಿಗೆ ಹೋಗತೊಡಗಿದ್ದರು. ಒಂದು ದಿನ ಅಂಗಡಿಗೆ ಬಂದು ಬ್ಯಾಗಿನಿಂದ ಹೊಸ ಎಂಬತ್ತೈದು ಎಂಎಂ ಲೆನ್ಸ್ ತೆಗೆದಿಟ್ಟರು. ಅದು ಕ್ಯಾಮೆರಾ ಕಂಪನಿಯ ಲೆನ್ಸಲ್ಲ, ಬೇರೆಯವರು ಅದೇ ಕ್ಯಾಮೆರಾಕ್ಕೆ ಹೊಂದುವಂತೆ ಮಾಡಿದ್ದು. ನಾವು ಇದಕ್ಕೆ ಥರ್ಡ್ ಪಾರ್ಟಿ ಲೆನ್ಸ್ ಎನ್ನುತ್ತೇವೆ.

"ಅಣ್ಣ, ಕಣ್ಣಿಗೆ ಫೋಕಸ್ ಇಟ್ರೆ ಕಿವಿಗೆ ಹೋಗಿ ಕೂತ್ಕತ್ತದೆ. ಮೊನ್ನೆ ಒಂದು ಮಗೂನ ಫೋಟೋ ತೆಗ್ದೆ. ಅದರಪ್ಪ, 'ಕಿವಿಯೋಲೆ ಚೆನ್ನಾಗ್ ಬಂದದೆ, ಮಗು ಎಲ್ಲಿ?' ಅಂದ್ರು."

ನಾನು ನಕ್ಕೆ. ರತ್ನ ನಗಲಿಲ್ಲ. ಹನ್ನೆರಡು ದಿನ ಕಳೆದರೆ ಅವರು ಒಪ್ಪಿಕೊಂಡ ಮೊದಲ ಕೊಡವ ಮದುವೆ. ಆ ಮದುವೆಯಲ್ಲಿ ಪುರೋಹಿತರಿಲ್ಲ, ಹರಸುವವರು ನೆಂಟರಿಷ್ಟರೇ. ವಧು ದೀಪದ ಮುಂದೆ ಮುಕ್ಕಾಲಿಯ ಮೇಲೆ ಕೂರುತ್ತಾಳೆ. ಒಬ್ಬೊಬ್ಬರಾಗಿ ಬಂದು ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಗುಟುಕು ಹಾಲು ಕುಡಿಸಿ ಹೋಗುತ್ತಾರೆ. ನೂರಾರು ಜನ. ಯಾರನ್ನೂ ತಡೆದು 'ಇನ್ನೊಂದು ಸಲ ಹರಸಿ' ಎನ್ನುವಂತಿಲ್ಲ. ವಧುವಿನ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಫ್ಲಾಶ್ ಬೇಡ, ದೀಪ ಮತ್ತು ಹಳದಿ ಬಲ್ಬು ಸಾಕು ಎಂದು ಮನೆಯವರು ಹೇಳಿಬಿಟ್ಟಿದ್ದರು. ಅಷ್ಟು ಕಡಿಮೆ ಬೆಳಕಿಗೆ ಲೆನ್ಸಿನ ಬಾಯಿ ಪೂರ್ತಿ ತೆರೆಯಬೇಕು. ಆಗ ಸ್ಪಷ್ಟವಾಗಿ ಬರುವುದು ಎರಡು ಬೆರಳಿನಷ್ಟು ಆಳ ಮಾತ್ರ. ಫೋಕಸ್ ಅಷ್ಟು ತಪ್ಪಿದರೂ ಅಜ್ಜಿ ಮಂಜಿನಲ್ಲಿ ಹೋದಂತೆಯೇ. ರತ್ನರನ್ನು ಆಮೇಲೆ ಯಾವ ಮದುವೆಗೂ ಕರೆಯುವುದಿಲ್ಲ.

ಕೆಲಸ ಸುಲಭದ್ದೆಂದುಕೊಂಡೆ. ಓರೆಯಾಗಿ ಸ್ಕೇಲು ಹಚ್ಚಿದ ಟೆಸ್ಟ್ ಚಾರ್ಟನ್ನು ಟ್ಯೂಬ್‌ಲೈಟ್ ಕೆಳಗೆ ಇಟ್ಟೆ. ಲೆನ್ಸಿನ ಅಳತೆಯ ಐವತ್ತು ಪಟ್ಟು ಎಂಬ ನಿಯಮದ ಪ್ರಕಾರ ನಾಲ್ಕೂಕಾಲು ಮೀಟರ್ ದೂರದಲ್ಲಿ ಟ್ರೈಪಾಡ್ ನಿಲ್ಲಿಸಿದೆ. ಫೋಕಸ್ ನಿಜಕ್ಕೂ ಹಿಂದಕ್ಕೆ ಬೀಳುತ್ತಿತ್ತು. ಇಂಥದ್ದನ್ನು ತಿದ್ದಲು ಕ್ಯಾಮೆರಾದಲ್ಲೇ ಫೈನ್ ಟ್ಯೂನ್ ಎಂಬ ಅಂಕಿ ಇರುತ್ತದೆ. ಮೈನಸ್ ಆರಕ್ಕೆ ಇಟ್ಟೆ, ಗೆರೆ ಚೂಪಾಗಿ ಬಂತು. ಹೆಮ್ಮೆಯಿಂದ ಕೊಟ್ಟು ಕಳಿಸಿದೆ.

ಮೂರನೇ ದಿನ ಬೆಳಗ್ಗಿನ ಬಸ್ಸಿಗೇ ರತ್ನ ವಾಪಸ್ಸು.

"ಮತ್ತೆ ಕಿವಿ, ಅಣ್ಣ."

ಮತ್ತೆ ಚಾರ್ಟಿಗೆ ಹಿಡಿದೆ. ಸರಿಯಾಗೇ ಇತ್ತು. ನನಗೆ ಸಿಟ್ಟು ಬಂತು. "ಲೆನ್ಸಿಗೆ ಏನೂ ಆಗಿಲ್ಲಮ್ಮ. ನಿಮ್ಮ ಕೈ ಅಲ್ಲಾಡ್ತದೆ" ಎಂದೆ.

ಆಕೆ ನನ್ನನ್ನೇ ದಿಟ್ಟಿಸಿದರು. "ಹದಿನೈದು ವರ್ಷ ಸೀರೆ ಸೆರಗಿಗೆ ಕುಚ್ಚು ಕಟ್ಟಿದ ಕೈ ಇದು. ಅಲ್ಲಾಡಿದ್ರೆ ಯಾರ್ ಕೊಡ್ತಿದ್ರು ಸೀರೆನ? ಲೆನ್ಸು ನಿಮ್ಮ ಅಂಗಡೀಲಿ ಸರಿ ಇರ್ತದೆ, ನಮ್ಮನೇಲಿ ಇರಲ್ಲ. ಬಂದು ನೋಡಿ."

ಮಾತು ಚುಚ್ಚಿತು. ತಪ್ಪು ಅವರದ್ದೇ ಎಂದು ತೋರಿಸುವ ಹಟದಲ್ಲಿ ಭಾನುವಾರ ಚಾರ್ಟು ಕಟ್ಟಿಕೊಂಡು ಸೋಮವಾರಪೇಟೆ ಬಸ್ಸು ಹತ್ತಿದೆ.

ಅವರ ಮನೆಯಲ್ಲಿ ಕಂಡದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಹಗಲು ಹನ್ನೊಂದಕ್ಕೇ ಕಿಟಕಿ ಮುಚ್ಚಿ, ದೀಪ ಹಚ್ಚಿ, ಹಳದಿ ಬಲ್ಬು ಹಾಕಿ ನಡುಮನೆಯನ್ನು ಮದುವೆಮನೆ ಮಾಡಿದ್ದರು. ಅಡುಗೆಮನೆಯ ಸ್ಟೂಲೇ ಮುಕ್ಕಾಲಿ. ಅದರ ಮೇಲೆ ವಧುವಾಗಿ ಕೂತವರು ಎಪ್ಪತ್ತು ದಾಟಿದ ಅತ್ತೆ, ಸಾವಿತ್ರಮ್ಮ. ರತ್ನರ ಗಂಡ ಒಬ್ಬರೇ ಬಾಗಿಲಾಚೆ ಹೋಗಿ ಬಂದು, ಹೋಗಿ ಬಂದು ನೂರಾರು ನೆಂಟರಾಗುತ್ತಿದ್ದರು. ಒಂದು ವಾರದಿಂದ ದಿನವೂ ಇದೇ ಅಭ್ಯಾಸವಂತೆ.

"ನನ್ನ ಮಗ ಹರ್ಸಿ ಹರ್ಸಿ ಸುಸ್ತಾದ. ಇನ್ನು ನೀವು ಬನ್ನಿ" ಎಂದರು ಸಾವಿತ್ರಮ್ಮ ನನಗೆ.

ನಾನು ಚಾರ್ಟನ್ನು ಅವರ ಪಕ್ಕಕ್ಕೆ ನಿಲ್ಲಿಸಿದೆ. ರತ್ನ ನಿಲ್ಲುತ್ತಿದ್ದದ್ದು ಬರೀ ಎರಡು ಮೀಟರ್ ದೂರದಲ್ಲಿ. ಹರಸುವವರ ಸಾಲು ಬರಬೇಕಾದ್ದರಿಂದ ಹಿಂದೆ ಸರಿಯಲು ಜಾಗವಿರುವುದಿಲ್ಲ. ಅಲ್ಲೇ ನಿಂತು ತೆಗೆದೆ. ಫೋಕಸ್ ಹಿಂದೆ ಬಿತ್ತು. ಹತ್ತು ಸಲ ತೆಗೆದೆ, ಹತ್ತು ಸಲವೂ ಹಿಂದೆ. ಕಿಟಕಿ ತೆರೆಸಿ ಹಗಲು ಬೆಳಕಿನಲ್ಲಿ ತೆಗೆದೆ, ತಪ್ಪು ಕಡಿಮೆಯಾಯಿತು. ನನ್ನ ಮುಖ ಕೆಂಪಾಯಿತು.

ಕಾರಣ ಇಷ್ಟು. ಈ ಬಗೆಯ ಕ್ಯಾಮೆರಾದಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ದೀಪದ ಕೆಂಪು-ಹಳದಿ ಬೆಳಕು ಮೊದಲನೆಯದನ್ನು ಸ್ವಲ್ಪ ಯಾಮಾರಿಸುತ್ತದೆ. ಕ್ಯಾಮೆರಾ ಕಂಪನಿ ತನ್ನ ಲೆನ್ಸಿಗೆ ಇದರ ತಿದ್ದುಪಡಿಯನ್ನು ಹೇಳಿಕೊಟ್ಟಿರುತ್ತದೆ. ಬೇರೆ ಕಂಪನಿಯವರು ಅದನ್ನು ಅಂದಾಜಿನಲ್ಲಿ ಕಲಿತುಕೊಳ್ಳಬೇಕು. ಮೇಲಾಗಿ ದೂರ ಬದಲಾದರೆ ಅವರ ಲೆನ್ಸಿನ ತಪ್ಪೂ ಬದಲಾಗುತ್ತದೆ. ನಾನು ಅಳೆದದ್ದು ನನ್ನ ಟ್ಯೂಬ್‌ಲೈಟಿಗೆ, ನನ್ನ ಅಂಗಡಿಯ ಉದ್ದಕ್ಕೆ. ಆ ಜಾಗದಲ್ಲಿ ಯಾರೂ ಯಾರನ್ನೂ ಹರಸುವುದಿಲ್ಲ.

"ತಪ್ಪು ನಂದೇ ರತ್ನ. ಕೈ ಅಲ್ಲಾಡ್ತದೆ ಅಂದದ್ದನ್ನ ಮರೆತುಬಿಡಿ" ಎಂದೆ.

"ಮೊದ್ಲು ಲೆನ್ಸ್ ಸರಿ ಮಾಡಿ. ಮರೆಯಾದು ಆಮೇಲೆ ನೋಡಾಣ" ಎಂದರು. ಆಗ ಮೊದಲ ಸಲ ನಕ್ಕರು.

ಮಧ್ಯಾಹ್ನ ಎರಡರವರೆಗೆ ಒಂದೊಂದೇ ಅಂಕಿ ಬದಲಿಸುತ್ತ ಹೋದೆವು. ಮೈನಸ್ ಹದಿಮೂರಕ್ಕೆ ಕಣ್ಣು ಸಿಕ್ಕಿತು. ಲೆನ್ಸಿಗೆ ಬಿಳಿ ಟೇಪು ಸುತ್ತಿ 'ದೀಪ -13, ಟ್ಯೂಬ್‌ಲೈಟ್ -6' ಎಂದು ಬರೆದೆ. ಕೊನೆಯ ಪರೀಕ್ಷೆಗೆ ನಾನೇ ನೆಂಟನಾದೆ. ಸಾವಿತ್ರಮ್ಮನ ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಲೋಟದಿಂದ ಗುಟುಕು ಹಾಲು ಕುಡಿಸಿದೆ. ಅವರು ಇದ್ದಕ್ಕಿದ್ದಂತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ನನ್ನ ಮದ್ವೇಲಿ ಫೋಟೋ ತೆಗೆಯೋರೇ ಇರ್ಲಿಲ್ಲ" ಎಂದರು, ಯಾರಿಗೂ ಅಲ್ಲ ಎಂಬಂತೆ. ರತ್ನ ಕ್ಯಾಮೆರಾದ ಹಿಂದಿನಿಂದ ಮುಖ ತೆಗೆಯದೆ ಬಟನ್ ಒತ್ತಿದರು.

ಮದುವೆ ಚೆನ್ನಾಗಿ ನಡೆಯಿತು. ವಾರ ಕಳೆದು ರತ್ನ ಎರಡು ಪ್ರಿಂಟು ಹಿಡಿದು ಅಂಗಡಿಗೆ ಬಂದರು. ಒಂದರಲ್ಲಿ ವಧುವಿನ ಅಜ್ಜಿ ಮೊಮ್ಮಗಳ ತಲೆಗೆ ಅಕ್ಕಿ ಹಾಕುತ್ತಿದ್ದಾರೆ. ಕಣ್ಣಂಚಿನ ನೀರು ಎಣಿಸುವಷ್ಟು ಸ್ಪಷ್ಟ, ಕಿವಿ ಮಸುಕು. ಅದನ್ನು ನೋಡಿ ಇನ್ನೆರಡು ಮನೆಯವರು ರತ್ನರಿಗೆ ಮದುವೆಯ ಫೋಟೋ ಕೆಲಸ ಒಪ್ಪಿಸಿದ್ದರು. ಇನ್ನೊಂದು ಪ್ರಿಂಟನ್ನು ನಾನು ಚಾರ್ಟಿನ ಮೇಲುಗಡೆ ಗೋಡೆಗೆ ಹಾಕಿದ್ದೇನೆ. ಅವತ್ತಿನಿಂದ ಯಾರೇ ಲೆನ್ಸ್ ತಂದರೂ ಬಿಚ್ಚುವ ಮೊದಲು ಕೇಳುತ್ತೇನೆ: ಇದರಲ್ಲಿ ಯಾರನ್ನು ತೆಗೆಯುತ್ತೀರಿ, ಯಾವ ಬೆಳಕಿನಲ್ಲಿ, ಎಷ್ಟು ದೂರ ನಿಂತು? ವಸ್ತು ದುಡಿಯುವ ಜಾಗಕ್ಕೆ ಹೋಗದೆ ಅದರ ತಪ್ಪು ಹೇಳಬಾರದು. ಅದನ್ನು ಹಿಡಿದ ಕೈಯ ತಪ್ಪನ್ನಂತೂ ಹೇಳಲೇಬಾರದು.

ಬಂದವರು ಗೋಡೆಯ ಕಡೆ ನೋಡಿ, ಇದು ಯಾರ ಮದುವೆ ಎಂದು ಕೇಳುತ್ತಾರೆ. ಅಡುಗೆಮನೆ ಸ್ಟೂಲಿನ ಮೇಲೆ, ತಲೆಯಲ್ಲಿ ಅಕ್ಕಿಕಾಳು, ತುಟಿಯಲ್ಲಿ ಹಾಲು, ಎಪ್ಪತ್ತು ದಾಟಿದ ಮದುಮಗಳು ನಾಚಿ ನಗುತ್ತಿದ್ದಾರೆ. ಟೆಸ್ಟ್ ಫೋಟೋ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸಾವಿತ್ರಮ್ಮನ ಮದುವೆ, ನಾನೂ ಹೋಗಿದ್ದೆ ಎನ್ನುತ್ತೇನೆ.