ಹಿಂಗಾಲಿನ ಕೆಂಪು

ಕನೆಕ್ಟಿಕಟ್‌ನ ಆ ಸೀಮೆಯಲ್ಲಿ ಹಳೆಯ ಪೀಠೋಪಕರಣಗಳನ್ನು ಪರೀಕ್ಷಿಸುತ್ತಿದ್ದ ಲೈಮನ್ ಟಟಲ್ ಮನುಷ್ಯರಲ್ಲಿ ಎರಡೇ ಜಾತಿ ಮಾಡಿದ್ದ: ಹಳೆಯ ಮರವನ್ನು ಅದರ ಪಾಡಿಗೆ ಬಿಟ್ಟವರು, ಉಪ್ಪುಕಾಗದ ಹಿಡಿದು ಉಜ್ಜಿದವರು. ಎರಡನೆಯವರ ಕೈ ಕುಲುಕುತ್ತಿರಲಿಲ್ಲ.

ಆ ಬೆಳಿಗ್ಗೆ ವಿನಿಫ್ರೆಡ್ ಬೆಕ್ಲಿಯ ಮನೆಯಲ್ಲಿ ಅವನೆದುರು ನಿಂತಿದ್ದದ್ದು ಇನ್ನೂರ ನಲವತ್ತು ವರ್ಷ ಹಳೆಯ, ಚೆರ್ರಿ ಮರದ, ನಾಲ್ಕು ಡ್ರಾಯರುಗಳ ಪೆಟ್ಟಿಗೆ. ಎಂಬತ್ತೆಂಟರ ವಿನಿಫ್ರೆಡ್‌ಗೆ ಅದನ್ನು ಊರಿನ ಮ್ಯೂಸಿಯಮ್ಮಿಗೆ ಕೊಡುವಾಸೆ. ಮೊದಲ ಬಣ್ಣ ಎಲ್ಲಾದರೂ ಉಳಿದಿದೆಯೆಂದು ಲೈಮನ್ ಬರೆದುಕೊಟ್ಟರೆ ಮಾತ್ರ ಮ್ಯೂಸಿಯಮ್ಮಿನವರು ಒಯ್ಯುತ್ತಿದ್ದರು. ಇಲ್ಲವಾದರೆ ಸೊಸೆ ಅದಕ್ಕೆ ಬಿಳಿ ಬಣ್ಣ ಬಳಿದು ಮೇಲೆ ಟೀವಿ ಇಡುವವಳಿದ್ದಳು.

ಲೈಮನ್ ಮೊದಲು ಮುಂಭಾಗ ನೋಡಲಿಲ್ಲ. ಮೇಲಿನ ಡ್ರಾಯರ್ ಎಳೆದು ಬೋರಲು ಹಾಕಿದ. ತಳದ ಹಲಗೆಯಲ್ಲಿ ಹಿಂದಿನವರು ಕೀಸುಳಿಯಿಂದ ಕೈಯಲ್ಲೇ ಹೆರೆದ ಅಲೆಗಳು ಬೆರಳಿಗೆ ಸಿಕ್ಕವು. ಹಿತ್ತಾಳೆ ಹಿಡಿಗಳನ್ನು ಎರಡು ಸಲ ಬದಲಾಯಿಸಿ, ಹಳೆಯ ತೂತುಗಳನ್ನು ಮುಚ್ಚಿದ್ದರು. ಅದನ್ನೆಲ್ಲ ಕ್ಷಮಿಸಬಹುದಿತ್ತು. ಆದರೆ ಹಳೆಯ ಬಣ್ಣವನ್ನೆಲ್ಲ ಉಜ್ಜಿ ತೆಗೆದ ಹೊರಮೈ ಉಣ್ಣೆ ಕತ್ತರಿಸಿದ ಕುರಿಯಂತಿತ್ತು.

“ಯಾವ ಕಟುಕ ಇದರ ಚರ್ಮ ಸುಲಿದಿದ್ದು? ಬುದ್ಧಿ ಹೋಗ್ಲಿ, ಕಣ್ಣೂ ಇರ್ಲಿಲ್ವಾ ಆ ಮುಠ್ಠಾಳನಿಗೆ?”

“ಬೈದಾಯ್ತಾ?” ವಿನಿಫ್ರೆಡ್ ಕಾಫಿ ಮುಂದಿಟ್ಟಳು.

“ಇಲ್ಲ ಮಿಸೆಸ್ ಬೆಕ್ಲಿ. ಇಂಥೋರ ಕೈಗೆ ಉಳಿ ಇರ್ಲಿ, ಚಮಚಾನೂ ಕೊಡಬಾರದು.”

“ಮೂರನೇ ಡ್ರಾಯರ್ ತಿರುಗಿಸಿ ನೋಡು.”

ರಿಪೇರಿಯವರು ಕೆಲಸ ಮುಗಿಸಿ ಹೆಸರು ಬರೆಯುವ ಜಾಗದಲ್ಲಿ ಪೆನ್ಸಿಲ್ ಅಕ್ಷರಗಳಿದ್ದವು: ‘ಎಲ್. ಟಟಲ್, ಜುಲೈ 1971. ಹೊಸದರಂತೆ!’

ಲೈಮನ್ ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದ.

“ನಮ್ಮತ್ತೆ ನಿಂಗೆ ಹೇಳಿದ್ದು ಬರೀ ಡ್ರಾಯರ್ ಸಡಿಲ ಮಾಡು ಅಂತ ಕಣಪ್ಪ.”

“ಇಷ್ಟು ವರ್ಷ ನೀವು ಹೇಳ್ಲೇ ಇಲ್ಲ!”

“ನೀನು ಊರೋರನ್ನೆಲ್ಲ ಬಯ್ಯೋದು ಕೇಳೋಕೆ ಮಜವಾಗಿತ್ತು.”

ಅವನು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿದ. 1971ರ, ಹತ್ತೊಂಬತ್ತು ವಯಸ್ಸಿನ ಲೈಮನ್ ಸೋಮಾರಿಯೂ ಆಗಿದ್ದ. ಗೋಡೆಯ ಕಡೆಗಿನ ಹಿಂಗಾಲುಗಳ ಒಳಬದಿಗೆ ಉಪ್ಪುಕಾಗದ ಮುಟ್ಟಿಸಿರಲಿಲ್ಲ. ಅಲ್ಲಿ ಅಂಗೈಯಗಲ ಮಂಕು ಕೆಂಪು ಉಳಿದಿತ್ತು. ಮ್ಯೂಸಿಯಮ್ಮಿಗೆ ಅಷ್ಟು ಸಾಕು.

ಅವನು ಬರೆದ: ‘ಮೊದಲ ಬಣ್ಣ ಹಿಂಗಾಲುಗಳಲ್ಲಿ ಮಾತ್ರ ಇದೆ. ಉಳಿದದ್ದನ್ನು 1971ರಲ್ಲಿ ತೆಗೆಯಲಾಗಿದೆ.’

“ಯಾರು ತೆಗೆದಿದ್ದು?” ಅವಳು ಭುಜದ ಮೇಲಿಂದ ಓದುತ್ತಿದ್ದಳು.

ಅವನು ಅದರ ಕೆಳಗೆ ‘ಎಲ್. ಟಟಲ್, ಅನನುಭವಿ’ ಎಂದು ಸೇರಿಸಿದ.

“ಆಗಲೇ ಬೇರೆ ಏನೋ ಅಂದಿದ್ದೆಯಲ್ಲ?”

“ಆ ಪದ ಫಾರಮ್ಮಿನಲ್ಲಿ ಬರೆಯೋ ಹಾಗಿಲ್ಲ.”

ಹೊರಡುವಾಗ ಅವಳು ಕೈ ಚಾಚಿದಳು. ಲೈಮನ್ ತನ್ನ ಬಲಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡು, ಆಮೇಲೆ ಕೊಟ್ಟ.