ಮುಟ್ಟು ನಿಂತ ಮೂರು ಬೆಳೆ

ಮೊದಲು ನಿಂತದ್ದು ಮುಟ್ಟು. ಅದನ್ನು ಕಾಯಿಲೆ ಎಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಳ್ಳಲಿಲ್ಲ. ಸಿಹಿ ಸುದ್ದಿ ಅಂದುಕೊಂಡೆವು.

ಜಂಗಮಕೋಟೆ ಹತ್ತಿರದ ನಮ್ಮೂರಿನಲ್ಲಿ ನಾವು ರೇಷ್ಮೆ ಹುಳು ಸಾಕುತ್ತೇವೆ. ಮುಟ್ಟಾದವರು ಹುಳುಮನೆಗೆ ಕಾಲಿಡಬಾರದು ಎನ್ನುವುದು ಅತ್ತೆಯ ಕಟ್ಟುನಿಟ್ಟು. ಹಾಗಾಗಿ ನನ್ನ ತಿಂಗಳ ಲೆಕ್ಕ ಮನೆಮಂದಿಗೆಲ್ಲ ಗೊತ್ತು. ಮದುವೆಯಾಗಿ ಆರು ವರ್ಷ. ತಿಂಗಳಿಗೆ ಮೂರು ದಿನ ನಾನು ಜಗಲಿಯ ಮೇಲೆ ಕೂತರೆ, ಬೀದಿಯಲ್ಲಿ ಹೋಗುವವರಿಗೂ ಈ ಸಲವೂ ಏನೂ ಇಲ್ಲ ಎಂದು ತಿಳಿಯುತ್ತಿತ್ತು.

ನನಗೆ ಮಗು ಬೇಕಿತ್ತು. ಬೇರೆ ಯಾವುದಕ್ಕೂ ನಾನು ಅಷ್ಟು ಆಸೆಪಟ್ಟವಳಲ್ಲ. ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡರೆ ವಾಪಸ್ ಕೊಡಲು ಮನಸ್ಸೇ ಬರುತ್ತಿರಲಿಲ್ಲ.

ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಪಿಸಿಓಡಿ, ಅಂಡಾಶಯದ ತೊಂದರೆ ಎಂದರು. "ಐದಾರು ಕೆಜಿ ಇಳಿಸಿ. ದಿನಾ ಅರ್ಧ ಗಂಟೆ ವಾಕ್ ಮಾಡಿ, ಸಾಕು."

ಆ 'ಸಾಕು' ನನ್ನ ಕಿವಿಗೆ ಬೀಳಲೇ ಇಲ್ಲ. ಐದು ಕೆಜಿ ಇಳಿದರೆ ಮಗು ಆಗುವುದಾದರೆ, ಹದಿನೈದು ಇಳಿದರೆ ಇನ್ನೂ ಬೇಗ ಆಗಬೇಕಲ್ಲ! ಇದು ನನ್ನ ಬುದ್ಧಿವಂತಿಕೆ.

ಬೆಳಗಿನ ಜಾವ ಕೆರೆ ಏರಿಯ ಮೇಲೆ ಓಟ. ಮೊದಲು ಅರ್ಧ ಗಂಟೆ. ಆಮೇಲೆ ಒಂದು ಗಂಟೆ. ಆಮೇಲೆ ಎರಡು. ಸಂಜೆ ಮೊಬೈಲ್ ನೋಡಿಕೊಂಡು ಸ್ಕಿಪ್ಪಿಂಗ್. ಭಾನುವಾರ ನನ್ನವರ ಬೈಕಿನಲ್ಲಿ ಕಳವಾರಕ್ಕೆ ಹೋಗಿ ಸ್ಕಂದಗಿರಿ ಹತ್ತುವುದು; ಅವರು ಅರ್ಧಕ್ಕೇ ಏದುಸಿರು ಬಿಟ್ಟು ಬಂಡೆಯ ಮೇಲೆ ಕೂರುತ್ತಿದ್ದರು, ನಾನು ಗೆದ್ದವಳ ಹಾಗೆ ಮುಂದೆ ಹೋಗುತ್ತಿದ್ದೆ. ಮುದ್ದೆ ಬಿಟ್ಟೆ. ಅನ್ನ ಬಿಟ್ಟೆ. ಸೌತೆಕಾಯಿ, ನೀರು ಮಜ್ಜಿಗೆ. ಐದು ತಿಂಗಳಲ್ಲಿ ಹದಿನೇಳು ಕೆಜಿ ಇಳಿದೆ. ಊರಿನವರು ಹೊಗಳಿದರು, ನನಗೂ ಕೋಡು ಮೂಡಿತು.

ಮುಟ್ಟು ನಿಂತದ್ದು ಆಗಲೇ.

ಅತ್ತೆ ತಿಂಗಳುಗಳನ್ನು ಎಣಿಸುವುದು ಹುಳುವಿನ ಬೆಳೆಯಲ್ಲಿ. ಮರಿ ಹುಳು ತಂದಲ್ಲಿಂದ ಗೂಡು ಬಿಡಿಸುವ ತನಕ ಒಂದು ಬೆಳೆ, ಹೆಚ್ಚುಕಡಿಮೆ ಒಂದು ತಿಂಗಳು. ಎರಡನೇ ಬೆಳೆಯ ಗೂಡು ಬಿಡಿಸುತ್ತ ಮೆಲ್ಲಗೆ ಕೇಳಿದರು: "ಏನಮ್ಮಾ ಸುಜಾತಾ, ಎರಡು ಬೆಳೆ ಆಯ್ತು, ನೀನು ಆಚೆ ಕೂತೇ ಇಲ್ವಲ್ಲೇ?"

"ಹೌದತ್ತೆ."

"ಯಾರ್ಗೂ ಹೇಳ್ಬೇಡ ಕಣಮ್ಮ. ಮೂರು ತುಂಬ್ಲಿ. ದೃಷ್ಟಿ ಆಗ್ತದೆ."

ಕಿಟ್ ತಂದು ನೋಡಬಹುದಿತ್ತು. ಇಲ್ಲ ಎಂದು ತೋರಿಸಿಬಿಟ್ಟರೆ ಎಂಬ ಭಯಕ್ಕೆ ನೋಡಲಿಲ್ಲ. ಅತ್ತೆ ಓಟ ಬಿಡಿಸಿದರು, ತುಪ್ಪ ಹಾಕಿ ಬಡಿಸಿದರು. ನನಗೋ ತೂಕ ಮತ್ತೆ ಏರುವ ದಿಗಿಲು. ತಟ್ಟೆಯದನ್ನು ಕದ್ದು ನಾಯಿಗೆ ಹಾಕಿ, ಸೊಪ್ಪು ತರುವ ನೆಪದಲ್ಲಿ ಹಿಪ್ಪುನೇರಳೆ ಸಾಲುಗಳ ನಡುವೆ ಓಡುತ್ತಿದ್ದೆ. ಮೊಣಕಾಲಿನ ಕೆಳಗೆ ಮೂಳೆ ನೋಯುತ್ತಿತ್ತು. ಆದರೂ ಓಡಿದೆ. ಹೊಟ್ಟೆಯಲ್ಲಿ ಮಗುವಿದೆ ಎಂದು ನಂಬಿಕೊಂಡೇ, ಅದರ ಜೊತೆ ಮಾತಾಡಿಕೊಂಡೇ ಓಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮೂರನೇ ಬೆಳೆ ಮುಗಿದ ಮೇಲೆ ಡಾಕ್ಟರ ಹತ್ತಿರ ಹೋದೆವು. ಸ್ಕ್ಯಾನಿಂಗ್ ರೂಮಿಗೆ ಅತ್ತೆಯೂ ಬಂದರು.

"ಪ್ರೆಗ್ನೆನ್ಸಿ ಇಲ್ಲಮ್ಮ."

ಬ್ಲಡ್ ಟೆಸ್ಟ್ ಆಯಿತು. ಹಾರ್ಮೋನ್ ಎಲ್ಲ ಕೆಳಗೆ. ಕಾಲಿಗೆ ಸ್ಟ್ರೆಸ್ ಫ್ರ್ಯಾಕ್ಚರ್, ಓಡಿ ಓಡಿ ಮೂಳೆಯಲ್ಲಿ ಬಿರುಕು. ಎಷ್ಟು ಹೊತ್ತು ಓಡುತ್ತೀರಿ, ಏನು ತಿನ್ನುತ್ತೀರಿ ಎಂದು ಕೇಳಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಿಂಗೆ ಓಡಿ, ಹಿಂಗೆ ಉಪವಾಸ ಇದ್ರೆ ದೇಹ ತನ್ನನ್ನ ಉಳಿಸ್ಕೊಳ್ಳೋದನ್ನಷ್ಟೇ ನೋಡತ್ತೆ. ತನಗೇ ಸಾಲದಿದ್ದಾಗ ಮಗೂಗೆ ಎಲ್ಲಿಂದ ಕೊಡತ್ತೆ? ಅದಕ್ಕೇ ಪೀರಿಯಡ್ಸ್ ನಿಲ್ಲಿಸಿಬಿಟ್ಟಿದೆ."

ಬಸ್ಸಿನಲ್ಲಿ ಅತ್ತೆ ನನ್ನ ಕೈ ಬಿಡಲಿಲ್ಲ. "ನಂದೂ ತಪ್ಪು ಕಣಮ್ಮ. ಆಸೇಲಿ ಏನೂ ಕಾಣ್ಲಿಲ್ಲ," ಎಂದರು. ಇರದೇ ಇದ್ದ ಮಗುವಿಗಾಗಿ ಹೇಗೆ ಅಳಬೇಕೋ ತಿಳಿಯಲಿಲ್ಲ. ಆದರೂ ಶಿಡ್ಲಘಟ್ಟದ ತನಕ ಇಬ್ಬರೂ ಅಳುತ್ತಲೇ ಬಂದೆವು.

ಆಮೇಲಿನದು ಉಣ್ಣುವುದನ್ನು ಹೊಸದಾಗಿ ಕಲಿತ ಕಾಲ. ಕಾಲಿಗೆ ರೆಸ್ಟ್, ಕ್ಯಾಲ್ಸಿಯಂ ಮಾತ್ರೆ, ಓಟ ಪೂರ್ತಿ ಬಂದ್. ತೂಕದ ಮಿಷನ್ನನ್ನು ನನ್ನವರು ಅಟ್ಟಕ್ಕೆ ಹಾಕಿದರು. ಒಂದೊಂದು ತುತ್ತಿಗೂ ನನ್ನೊಳಗೇ ಜಗಳ. ರವಿಕೆ ಮತ್ತೆ ಬಿಗಿಯಾದ ದಿನ ಬಾಗಿಲು ಹಾಕಿಕೊಂಡು ಕೂತಿದ್ದೆ.

ಮೊನ್ನೆ, ಓಟ ಬಿಟ್ಟ ಐದನೇ ತಿಂಗಳಿಗೆ, ಬೆಳಿಗ್ಗೆ ಬಚ್ಚಲಲ್ಲಿ ರಕ್ತ ಕಂಡಿತು. ಆರು ವರ್ಷ ಅದನ್ನು ಕಂಡಾಗಲೆಲ್ಲ ಗೋಳಾಡಿದವಳು, ಅಂದು ಗೋಡೆಗೆ ಒರಗಿ ನಿಂತು ಕೈ ಮುಗಿದೆ. ಹೊರಗೆ ಬಂದು ಹೇಳಿದೆ.

"ಬಂತಾ?" ಅತ್ತೆ ಎರಡು ಸಲ ಕೇಳಿದರು. "ಬಂತಾ?"

ಹುಳುಮನೆ ಕೆಲಸ ಅಲ್ಲೇ ಬಿಟ್ಟು, ಎಳ್ಳು ಬೆಲ್ಲ ಒರಳಿಗೆ ಹಾಕಿ ಕುಟ್ಟಿದರು. ಹೊಸದಾಗಿ ಮೈನೆರೆದ ಹುಡುಗಿಗೆ ಕೊಡುವ ಹಾಗೆ ಚಿಗಳಿ ಉಂಡೆ ಕಟ್ಟಿ, ಮೂವತ್ತೆರಡು ವರ್ಷದ ನನ್ನ ಕೈಗಿಟ್ಟರು.

"ತಿನ್ನಮ್ಮ. ಎಣಿಸ್ಬೇಡ."

ಮಗು ಆಗುತ್ತದೋ ಇಲ್ಲವೋ, ಡಾಕ್ಟರಮ್ಮನೂ ಮಾತು ಕೊಟ್ಟಿಲ್ಲ. ನನ್ನ ಆಸೆಯೂ ಎಳ್ಳಷ್ಟೂ ಇಳಿದಿಲ್ಲ. ಎರಡನೇ ಉಂಡೆಗೆ ನಾನಾಗಿಯೇ ಕೈ ಚಾಚಿದೆ.