ವಿಭೂತಿ ಉಂಡ ಟ್ರಿಗರ್

ಇವತ್ತು ಬೆಳಿಗ್ಗೆ ಹೊಲಿಗೆ ಮಷೀನಿಗೆ ಎಣ್ಣೆ ಬಿಡುತ್ತಿದ್ದೆ. ಮಹಾನವಮಿ ನೋಡಿ, ಸುರಪುರದ ನಮ್ಮ ಮನೆಯಲ್ಲಿ ಕುಡುಗೋಲಿನಿಂದ ಹಿಡಿದು ಮಿಕ್ಸರ್‌ವರೆಗೆ ಎಲ್ಲವೂ ಮೈತೊಳೆದುಕೊಂಡು ದೇವರ ಮುಂದೆ ಸಾಲಾಗಿ ಕೂಡಬೇಕು. ಹೆಂಡತಿಯ ಬಂದೂಕಿಗೂ ಹಾಕುವ ಆ ತೆಳ್ಳನೆಯ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಒಬ್ಬನೇ ನಗತೊಡಗಿದೆ. ಯಾಕೆಂದು ನಿಮಗೆ ಹೇಳದಿದ್ದರೆ ನನಗೆ ಹಬ್ಬದ ಹೋಳಿಗೆ ಅರಗುವುದಿಲ್ಲ.

ನನ್ನ ಹೆಂಡತಿ ಮಹಾದೇವಿ ದೇವಾಪುರದ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಜೊತೆಗೆ ಗಾಳಿ ಬಂದೂಕಿನಿಂದ ಗುರಿ ಹೊಡೆಯುತ್ತಾಳೆ. ಕಾಲೇಜಿನಲ್ಲಿ ಹತ್ತಿದ ಹುಚ್ಚು. ಹೆಣ್ಣು ನೋಡಲು ಹೋದಾಗ ನಮ್ಮ ಅವ್ವ, “ಹಾಡು ಬರ್ತದೇನವ್ವಾ?” ಎಂದು ಕೇಳಿದ್ದಕ್ಕೆ, “ಇಲ್ರಿ, ಬಂದೂಕು ಹೊಡಿಯಾಕ ಬರ್ತದ” ಎಂದಿದ್ದಳು. ನಾನು ಬೆವೆತುಹೋದೆ. ಅವ್ವ ಮಾತ್ರ, “ಇದೇ ಹುಡುಗಿ ಇರ್ಲಿ” ಎಂದು ಅಲ್ಲೇ ಮಾತು ಮುಗಿಸಿಬಿಟ್ಟಳು. ಇನ್ನು ನನ್ನ ವಿಷಯ ಕೇಳಬೇಡಿ. ನನ್ನ ಕೈಗೆ ಬಂದೂಕು ಬಂದರೆ ಗುರಿಯ ಹಲಗೆಗೆ ಏನೂ ಭಯವಿಲ್ಲ, ಅಕ್ಕಪಕ್ಕದವರಿಗೇ ಭಯ.

ಅವಳ ಬಂದೂಕು ಹಳೆಯದು, ಟ್ರಿಗರ್ ಇನ್ನೂ ಹಟಮಾರಿ. ಎಳೆದರೆ ಬಾವಿಯಿಂದ ತುಂಬಿದ ಕೊಡ ಸೇದಿದಷ್ಟು ಬಿಗಿ. ಜಿಲ್ಲೆಯಿಂದ ರಾಜ್ಯಮಟ್ಟಕ್ಕೆ ಒಬ್ಬಳನ್ನೇ ಆರಿಸುತ್ತಿದ್ದರು. ಹಿಂದಿನ ಎರಡು ವರ್ಷವೂ ಅವಳಿಗೆ ಅದು ಕೂದಲೆಳೆಯಷ್ಟರಲ್ಲಿ ತಪ್ಪಿಹೋಗಿತ್ತು. “ಈ ಸಲ ಆಗ್ಲಿಲ್ಲಂದ್ರ ಬಂದೂಕು ಮಾರಿಬಿಡ್ತೀನ್ರಿ,” ಎಂದಳು ಒಂದು ದಿನ, ರೊಟ್ಟಿ ಬಡಿಯುತ್ತಾ. ಅವಳು ಹೇಳಿದರೆ ಮಾಡುವವಳೇ.

ನಾನು ಕಚೇರಿಯಲ್ಲಿ ಕಾರಕೂನ, ಓದುವುದೇ ಕಸುಬು. ಮೊಬೈಲಿನಲ್ಲಿ ಟ್ರಿಗರ್‌ಗಳ ಬಗ್ಗೆ ಓದಿದ್ದೇ ಓದಿದ್ದು. ಬಂದೂಕು ಮಾಡಿದವರೇ ಒಬ್ಬರು, ಅದಕ್ಕೆ ಹೊಂದುವ ನಾಜೂಕಿನ ಟ್ರಿಗರ್ ಮಾಡಿ ಮಾರುವವರು ಬೇರೆಯೇ ಇರುತ್ತಾರೆ ಎಂಬ ಲೋಕಜ್ಞಾನ ನನಗಾದದ್ದು ಆಗಲೇ. ಒಂದನ್ನು ತರಿಸಿಯೇ ಬಿಟ್ಟೆ. ಲಕ್ಷ ಸಲ ಎಳೆದರೂ ಸವೆಯುವುದಿಲ್ಲವೆಂದು ಡಬ್ಬಿಯ ಮೇಲೆ ಬರೆದಿತ್ತು. ಹಾಕಿ ನೋಡಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ! ಮಹಾದೇವಿಯ ಮುಖ ಅರಳಿತು, ಗುರಿಯೂ ಸುಧಾರಿಸಿತು. ನಾನು ಓಣಿಯಲ್ಲಿ ಎದೆಯುಬ್ಬಿಸಿ ತಿರುಗಿದೆ. ಅವ್ವ ಮಾತ್ರ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, “ಇಷ್ಟು ನಾಜೂಕಿದ್ರ ನಮ್ಮ ಮನ್ಯಾಗ ಹೆಂಗ ಬಾಳ್ವೆ ಮಾಡ್ತದೋ!” ಎಂದಳು.

ನಾಲ್ಕು ದಸರೆ ಹಿಂದಿನ ಮಾತಿದು. ಆ ವರ್ಷ ಬನ್ನಿ ಹಬ್ಬದ ಮರುದಿನವೇ ಯಾದಗಿರಿಯಲ್ಲಿ ಸ್ಪರ್ಧೆ. ಮಹಾನವಮಿಯ ದಿನ ಅವ್ವ ಎಂದಿನಂತೆ ಬಂದೂಕನ್ನೂ ಪೂಜೆಗೆ ಕೂಡಿಸಿದಳು. ಅವ್ವನ ವಿಭೂತಿ ಎಂದರೆ ಅರ್ಧಂಬರ್ಧ ಅಲ್ಲ. ಬಟ್ಟಲಲ್ಲಿ ನೀರು ಹಾಕಿ ಗಟ್ಟಿಯಾಗಿ ಕಲಸಿ, ಮೂರು ಬೆರಳು ಅದ್ದಿ, ಬಳಿಯುವುದೇ. ಸೊಸೆಯ ವರ್ಷ ಇದು ಎಂದು ಈ ಸಲ ಹೊಸ ಟ್ರಿಗರ್‌ಗೆ ಕೈತುಂಬ ಸಿಕ್ಕಿತು. ಪೂಜೆಗೆ ಇಟ್ಟದ್ದನ್ನು ಬನ್ನಿ ಮುಡಿಯುವ ತನಕ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಬನ್ನಿ ಮುಗಿದು, ನೆಂಟರೆಲ್ಲ ಬಂದುಹೋದ ಮೇಲೆ ಮಹಾದೇವಿ ಬಂದೂಕನ್ನು ಒರೆಸಿ ಚೀಲಕ್ಕೆ ಹಾಕಿದಳು. ಎಳೆದು ನೋಡಲು ಹೊತ್ತೆಲ್ಲಿತ್ತು?

ಬೆಳಿಗ್ಗೆ ಬಸ್ಸು ಹತ್ತಿದೆವು. ಶಹಾಪುರದಲ್ಲಿ ಕಂಡಕ್ಟರ್ ಉದ್ದನೆಯ ಚೀಲ ನೋಡಿ, “ಅಕ್ಕಾರ, ಭಜನಿಗಿ ಹೊಂಟೀರೇನು? ತಂಬೂರಿ ಸೀಟಿನ ಮ್ಯಾಲ ಮಲಗಸ್ಬ್ಯಾಡ್ರಿ” ಎಂದ. ಮಹಾದೇವಿ ನಕ್ಕು ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಅವಳ ನಗು ಅಲ್ಲಿಗೇ ನಿಂತಿತು. ಸ್ಪರ್ಧೆಗೆ ಮೊದಲು ಅಭ್ಯಾಸಕ್ಕೆ ಸ್ವಲ್ಪ ಹೊತ್ತು ಕೊಡುತ್ತಾರೆ. ಅವಳು ಗುರಿ ಹಿಡಿದು ಎಳೆದಳು. ಟ್ರಿಗರ್ ಅಲ್ಲಾಡಲಿಲ್ಲ. ಮತ್ತೆ ಎಳೆದಳು. ಹಿಂದೆ ಹೋದದ್ದು ಮುಂದೆ ಬರಲೊಲ್ಲದು. ಬಿಚ್ಚಿ ನೋಡಿದರೆ, ಕೂದಲೂ ತೂರದ ಆ ಸಂದುಗಳಲ್ಲೆಲ್ಲ ಅವ್ವನ ವಿಭೂತಿ ಒಣಗಿ ಗಚ್ಚಿನಂತೆ ಗಟ್ಟಿಯಾಗಿತ್ತು. ಲಕ್ಷ ಸಲ ಎಳೆಯಬೇಕಾದರೆ ಮೊದಲು ಒಂದು ಸಲ ಎಳೆಯಲು ಬರಬೇಕಲ್ಲ! ನನಗೆ ಅಳುವೇ ಬಂತು. ಆ ಡಬ್ಬಿಯವರು ಬಿಸಿಲು, ಧೂಳು, ಚಳಿ ಎಲ್ಲದಕ್ಕೂ ಅದನ್ನು ಒಡ್ಡಿ ನೋಡಿದ್ದರಂತೆ. ನಮ್ಮ ಅವ್ವನಿಗೆ ಒಡ್ಡಿರಲಿಲ್ಲ.

ಸೂಜಿಗಾಗಿ ಚೀಲದ ಪಕ್ಕದ ಜೇಬು ತಡಕಿದ ಮಹಾದೇವಿಯ ಕೈಗೆ ಒಂದು ಗಂಟು ಸಿಕ್ಕಿತು. ಕುಬಸದ ಖಣದ ತುಂಡಿನಲ್ಲಿ ಸುತ್ತಿದ ಹಳೆಯ ಟ್ರಿಗರ್! ದುಡಿದ ಸಾಮಾನು ಮುನಿಸಿಕೊಳ್ಳಬಾರದೆಂದು ಅವ್ವ ಅದಕ್ಕೂ ಪೂಜೆ ಮಾಡಿ, ಹೇಳದೆ ಕೇಳದೆ ಜೊತೆಗೆ ಕಳಿಸಿದ್ದಳು. ಅದರ ಮೈಮೇಲೂ ಅಷ್ಟೇ ವಿಭೂತಿ. ಒಳಗೆ ಹಿಂದಿನ ದಸರೆಗಳದ್ದೂ ಇತ್ತು. ಆದರೆ ಅದರ ಸಂದುಗಳೋ, ಇರುವೆ ಸಂಸಾರ ಸಮೇತ ಹಾಯಬಹುದು. ತೀರ್ಪುಗಾರರು ನೋಡಿ ಒಪ್ಪಿದರು. ಸ್ಕ್ರೂ ಬಿಗಿದು ಎಳೆದಳು. ಟಕ್! ಬಿಳಿ ಪುಡಿ ಒಂದಿಷ್ಟು ಉದುರಿತು, ಅಷ್ಟೇ.

“ಇದು ಬಿಗಿ ಅದಲ್ಲ, ಹೆಂಗ ಮಾಡ್ತಿ?” ಎಂದೆ.

“ಇದರ ಹಟ ನನಗ ಗೊತ್ತದ. ನೀವು ಹೊರಗ ಹೋಗಿ ಚಾ ಕುಡೀರಿ.”

ಚಹಾ ಕುಡಿದೆನೋ ಲೋಟ ಕಚ್ಚಿದೆನೋ ನೆನಪಿಲ್ಲ. ಒಳಗೆ ಬಂದಾಗ ಫಲಕದ ಮೇಲೆ ಎಲ್ಲರಿಗಿಂತ ಮೇಲೆ ಅವಳ ಹೆಸರು. ಸಭ್ಯತೆ ಮರೆತು ಕುಣಿದುಬಿಟ್ಟೆ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಬಸ್ಸಿನಲ್ಲಿ ಅವಳು ನನ್ನಿಂದ ಆಣೆ ಹಾಕಿಸಿಕೊಂಡಳು. “ಅತ್ತಿ ಮುಂದ ವಿಭೂತಿ ಮಾತು ತೆಗೀಬ್ಯಾಡ್ರಿ. ನೊಂದ್ಕೋತಾರ.” ಹೊಸದು ನಿಂತುಬಿಟ್ಟಿತು, ಹಳೆಯದು ಗೆಲ್ಲಿಸಿತು ಎಂದಷ್ಟೇ ಅವ್ವನಿಗೆ ಹೇಳಿದೆವು. ಹೊಸ ಟ್ರಿಗರ್‌ಗೂ ಅನ್ಯಾಯ ಮಾಡಬಾರದು. ತೊಳೆದ ಮೇಲೆ ಅದು ಮೊದಲಿನ ಹಾಗೆಯೇ ಬೆಣ್ಣೆಯಾಯಿತು, ಇವತ್ತಿಗೂ ಅಭ್ಯಾಸಕ್ಕೆ ಅದೇ. ಸವೆಯದಿರುವುದು ಒಂದು ಗುಣ, ಕೈಕೊಡದಿರುವುದು ಇನ್ನೊಂದು. ಅದಕ್ಕೆ ಮೊದಲನೆಯದಷ್ಟೇ ಇದೆ. ಆದರೆ ಪ್ರತಿ ಮಹಾನವಮಿಗೂ ಅದನ್ನು ಬಚ್ಚಿಡಲು ನಮಗೆ ಒಂದು ನೆಪ ಬೇಕು: ರಿಪೇರಿಗೆ ಹೋಗಿದೆ, ಗೆಳತಿ ಒಯ್ದಿದ್ದಾಳೆ.

ಈ ವರ್ಷ ನೆಪಗಳು ತೀರಿದ್ದವು. ನಾನು ಎಣ್ಣೆ ಬಿಟ್ಟು ಏಳುವಷ್ಟರಲ್ಲಿ ಅವ್ವ ವಿಭೂತಿ ಕಲಸಿ ಕೂತಿದ್ದಳು. “ಮಾದೇವಿ, ಆ ಹೊಸಾದು ತಾರವ್ವಾ.”

“ಬ್ಯಾಡ್ರಿ ಅತ್ತಿ. ಅದು ಇನ್ನಾ ಎಳೀ ಕೂಸು, ವಿಭೂತಿ ತಡ್ಕೊಳಂಗಿಲ್ಲ.”

ಅವ್ವ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಮಷೀನಿನ ಚಕ್ರ ಒರೆಸತೊಡಗಿದೆ.

“ಅಂದ್ರ, ಅವತ್ತು ಯಾದಗಿರ್ಯಾಗ ಅದು ನಿಂತಿದ್ದು ನನ್ನ ದೆಸಿಂದೇನು?”

“ಹೌದ್ರಿ ಅತ್ತಿ. ಗೆದ್ದಿದ್ದೂ ನಿಮ್ಮ ದೆಸಿಂದಾನ.”

ಅವ್ವ ವಿಭೂತಿಯ ಬಟ್ಟಲನ್ನೊಮ್ಮೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು ನೋಡಿ, ಬಟ್ಟಲು ತುಳುಕಿತು. ಬಂದೂಕಿನ ಕಡೆ ಚಾಚಿದ್ದ ಮೂರು ಬೆರಳುಗಳನ್ನು ತಿರುಗಿಸಿ, ಸೊಸೆಯ ಹಣೆಯ ತುಂಬ ಎಳೆದುಬಿಟ್ಟಳು.

“ನೀ ತಡ್ಕೋತಿ ಬಿಡು,” ಎಂದಳು.